ಕಮಲಾಪುರದ ದನಿ ಕೇಳಿಸಿಕೊಂಡ ಬೇಸಿಗೆ

ಕಮಲಾಪುರದ ಪರಿಹಾರ ಕ್ಯಾಂಪಿನಿಂದ ಬಂದ ಲಾರಿಯ ಡ್ರೈವರ್ ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟ. ಕ್ಯಾಂಪಿನ ಲೇಡಿ ಡಾಕ್ಟರು, ನಾವೆಲ್ಲ ಡಾಕ್ಟರ್ ಬಾಯಿ ಎನ್ನುತ್ತಿದ್ದವರು, ಪೆನ್ಸಿಲಿನಲ್ಲಿ ಬರೆದದ್ದು. ಸಲೈನಿನ ನಲವತ್ತು ಪೆಟ್ಟಿಗೆ ಕೇಳಿದ್ದೆ, ನಾಲ್ಕು ಬಂದಿವೆ, ನಿನ್ನೆ ಸಂಜೆಯೊಳಗೆ ಮೂವರು ತೀರಿಕೊಂಡರು, ಉಳಿದ ಮೂವತ್ತಾರನ್ನು ಇದೇ ಲಾರಿಯಲ್ಲಿ ಕಳಿಸಿ. ಇಷ್ಟೇ ಇತ್ತು. ಬೈಗುಳ ಇರಲಿಲ್ಲ. ಇದ್ದಿದ್ದರೆ ಓದಲು ಸುಲಭವಾಗುತ್ತಿತ್ತು.

ನಿಜಾಮರ ರಾಜ್ಯದ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷದ ಬೇಸಿಗೆ ಅದು. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಟೆಲಿಫೋನ್ ತಂತಿಯನ್ನು ಗಲಭೆಯ ದಿನಗಳಲ್ಲಿ ಯಾರೋ ಮೈಲುಗಟ್ಟಲೆ ಕತ್ತರಿಸಿ ಒಯ್ದಿದ್ದರು. ಹೊಸ ತಂತಿ ಇನ್ನೂ ಬಂದಿರಲಿಲ್ಲ. ಕ್ಯಾಂಪಿನಲ್ಲಿ ಕಾರ್ಯಾಚರಣೆಗೆ ಮೊದಲು ಊರು ಬಿಟ್ಟು ಓಡಿಬಂದವರೂ ಇದ್ದರು, ಆಮೇಲೆ ಓಡಿಬಂದವರೂ ಇದ್ದರು. ಕುಡಿಯುವುದು ಎಲ್ಲರೂ ಒಂದೇ ಬಾವಿಯ ನೀರು. ಆ ನೀರು ಕೆಟ್ಟು ವಾಂತಿಭೇದಿ ಶುರುವಾಗಿತ್ತು. ಕ್ಯಾಂಪಿಗೂ ಕಲಬುರಗಿಯ ಜಿಲ್ಲಾ ಕಚೇರಿಗೂ ನಡುವೆ ಸುದ್ದಿ ಸಾಗುತ್ತಿದ್ದದ್ದು ನಮ್ಮ ವೈರ್‌ಲೆಸ್ಸಿನ ಮೇಲೆ, ಮೋರ್ಸ್‌ನ ಚುಕ್ಕೆ ಗೆರೆಗಳಲ್ಲಿ. ಆ ಕಡೆ ಒಬ್ಬ ಆಪರೇಟರ್, ಈ ಕಡೆ ನಾನು. ನನ್ನ ಹುದ್ದೆ ಮೆಕ್ಯಾನಿಕ್‌ನದು. ಆಳು ಸಾಲದ್ದಕ್ಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಂದೇಶ ಬರೆದುಕೊಳ್ಳುವ ಕೆಲಸವೂ ನನ್ನದೇ ಆಗಿತ್ತು.

ಸಂದೇಶಗಳನ್ನು ದಾಖಲಿಸುವ ಲಾಗ್ ಪುಸ್ತಕ ತೆಗೆದು ನೋಡಿದೆ. ನನ್ನ ಕೈಬರಹದಲ್ಲೇ ಇತ್ತು: ಸಲೈನ್ ಪೆಟ್ಟಿಗೆ ನಾಲ್ಕು, ತುರ್ತು. ಕೆಳಗೆ ನನ್ನದೇ ಸಹಿ. ಪೂರ್ತಿ ಸಿಕ್ಕಿದೆ ಎಂದು ನಾನು ಆ ಕಡೆಗೆ ಉತ್ತರ ಕೊಟ್ಟ ಗುರುತೂ ಇತ್ತು.

ನಮ್ಮ ಸೂಪರ್‌ವೈಸರ್ ಸಾಹೇಬರು ಐವತ್ತು ದಾಟಿದವರು, ನಿಜಾಮರ ಕಾಲದಿಂದ ಟೆಲಿಗ್ರಾಫಿನಲ್ಲಿ ನೌಕರಿ ಮಾಡಿದವರು. ಮೋರ್ಸ್ ಅವರಿಗೆ ಮಾತೃಭಾಷೆ ಇದ್ದ ಹಾಗೆ. ಆದರೆ ಸರ್ಕಾರ ಬದಲಾದ ಮೇಲೆ ಹಳೆಯ ನೌಕರರ ಕಾಗದಪತ್ರಗಳೆಲ್ಲ ತನಿಖೆಯಲ್ಲಿದ್ದವು; ಅವರು ಪ್ರತಿ ಫೈಲನ್ನೂ ಹಾವಿನ ಬುಟ್ಟಿ ತೆಗೆಯುವಂತೆ ತೆಗೆಯುತ್ತಿದ್ದರು. ಚೀಟಿ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತಾರು ಪೆಟ್ಟಿಗೆಗಳಿಗೆ ತಾವೇ ಆಸ್ಪತ್ರೆಗೆ ಹೋಗಿ ಲಾರಿ ತುಂಬಿಸಿದರು. ತಿರುಗಿ ಬಂದಮೇಲೆ ಬಾಗಿಲು ಮುಚ್ಚಿಕೊಂಡು ಹೇಳಿದರು:

"ನೋಡಪ್ಪ, ಜಿಲ್ಲಾ ಕಚೇರಿಯವ್ರು ಜವಾಬ್ ಕೇಳ್ತಾರ. ಕಮಲಾಪುರದಾಂವ ತಪ್ಪು ಕಳಿಸ್ಯಾನ ಅಂತ ಬರದ್ರ ಬಾತ್ ಖತಂ. ಅಂವ ಹೊಸಬ. ನನ್ನ ನೌಕರಿನೂ ಉಳೀತದ, ನಿಂದೂ ಉಳೀತದ."

ಬರೆಯುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಅವನ ಪ್ರತಿ ನೋಡಿ ಬರುತ್ತೇನೆ ಎಂದೆ. ನಿಜ ಹೇಳಬೇಕೆಂದರೆ, ಅಲ್ಲಿ ತಪ್ಪು ಸಿಕ್ಕರೆ ಒಳ್ಳೆಯದಾಗುತ್ತಿತ್ತು ಎಂಬ ಆಸೆ ನನ್ನೊಳಗೂ ಇತ್ತು. ಅದೇ ಲಾರಿಯ ಮೇಲೆ, ಸಲೈನ್ ಪೆಟ್ಟಿಗೆಗಳ ನಡುವೆ ಕೂತು ಹೊರಟೆ.

ಕ್ಯಾಂಪು ಕಮಲಾಪುರದ ಒಂದು ಹಳೆಯ ಧಾನ್ಯದ ಗೋದಾಮಿನಲ್ಲಿತ್ತು. ಸಂತೆ ನಿಂತು ಮೂರು ವಾರವಾಗಿತ್ತು. ಸಂತೆಯ ಕಟ್ಟೆಯ ಮೇಲೆ ರೋಗಿಗಳ ಬಟ್ಟೆ ಒಣಹಾಕಿದ್ದರು. ಡಾಕ್ಟರ್ ಬಾಯಿ ಸೊಲ್ಲಾಪುರದ ಕಡೆಯವರು, ನಲವತ್ತರ ಆಸುಪಾಸಿನ ಹೆಂಗಸು. ನಾನು ಯಾರೆಂದು ಹೇಳಿದೆ. ಅವರು ಒಬ್ಬ ಮುದುಕನ ತೋಳಿನಲ್ಲಿ ಸೂಜಿ ನಿಲ್ಲಿಸುತ್ತಿದ್ದರು. ಕೆಲಸ ಮುಗಿಯುವವರೆಗೆ ತಲೆ ಎತ್ತಲಿಲ್ಲ.

"ನಾಕು ಪೆಟ್ಟಿಗಿ ಎಷ್ಟು ಮಂದಿಗಿ ಸಾಕಾಗ್ತಾವ ಅನ್ನೋದು ನಿಮಗ ಗೊತ್ತಿಲ್ಲ, ಒಪ್ತೀನಿ," ಎಂದರು. "ನಾ ಎಷ್ಟು ಕೇಳೀನಿ ಅನ್ನೋದು ಗೊತ್ತಾಗಬೇಕಾಗಿತ್ತಲ್ಲ. ಅಷ್ಟಕ್ಕೇ ಅಲ್ಲೇನು ನಿಮ್ಮನ್ನ ಅಲ್ಲಿ ಕೂಡ್ಸಿದ್ದು?"

ಅಷ್ಟು ಹೇಳಿ ಮುಂದಿನ ರೋಗಿಯ ಕಡೆ ಹೋದರು.

ಆಪರೇಟರ್ ಇದ್ದದ್ದು ಗೋದಾಮಿನ ಹಿಂದಿನ ಚಪ್ಪರದಲ್ಲಿ. ಊರ ಹೊರಗಿನ ಕೇರಿಯವರು. ದೊಡ್ಡ ಯುದ್ಧದ ಕಾಲದಲ್ಲಿ ಬ್ರಿಟಿಷರ ಫೌಜಿನಲ್ಲಿ ಸಿಗ್ನಲ್ ಕೆಲಸ ಮಾಡಿ ಬರ್ಮಾದವರೆಗೆ ಹೋಗಿ ಬಂದವರು. ಅವರ ಕೈಯ ಮೋರ್ಸ್ ನನಗೆ ಚೆನ್ನಾಗಿ ಗೊತ್ತಿತ್ತು. ಮುತ್ತು ಪೋಣಿಸಿದಂತೆ ಸಮನಾಗಿ ಬರುತ್ತಿತ್ತು. ಮುಖ ನೋಡಿದ್ದು ಅದೇ ಮೊದಲು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಏಕವಚನದಲ್ಲಿ ಮಾತು ಶುರುಮಾಡಿ, ಎರಡನೆಯ ವಾಕ್ಯಕ್ಕೇ ನಾಚಿ ತಿದ್ದಿಕೊಂಡೆ. ಅವರು ಅದನ್ನು ಗಮನಿಸಿದರೂ ತೋರಿಸಿಕೊಳ್ಳಲಿಲ್ಲ. ಕಾರ್ಬನ್ ಪ್ರತಿ ತೆಗೆದು ಕೊಟ್ಟರು. ಅಂಕಿ ನಲವತ್ತು ಎಂದಿತ್ತು. ಅಂಕಿಯನ್ನು ಎರಡು ಸಲ ಕಳಿಸಬೇಕೆಂಬುದು ನಿಯಮ. ಎರಡು ಸಲವೂ ಕಳಿಸಿದ ಗುರುತು ಇತ್ತು.

"ನಾ ಎರಡು ಸಲ ಕಳಿಸೀನ್ರೀ," ಎಂದರು. "ನೀವು ಸಿಕ್ತು ಅಂದ್ರಿ. ಸಿಗಲಿಲ್ಲ ಅಂದಿದ್ರ ಹತ್ತು ಸಲ ಕಳಿಸ್ತಿದ್ದೆ."

ಅಂಕಿಯನ್ನು ತಿರುಗಿ ಓದಿ ಹೇಳಬೇಕೆಂಬುದೂ ನಿಯಮವೇ. ಆತುರದಲ್ಲಿ ಅದನ್ನು ನಾನು ಬಿಟ್ಟಿದ್ದೆ. ಅಲ್ಲಿಗೆ ತಪ್ಪು ಯಾರದು ಎಂಬುದು ತೀರ್ಮಾನವಾಯಿತು. ಆದರೆ ನನ್ನನ್ನು ಕೊರೆಯತೊಡಗಿದ ಪ್ರಶ್ನೆ ಬೇರೆ. ಆ ಸೊನ್ನೆ ಎಲ್ಲಿ ಹೋಯಿತು? ಮೋರ್ಸ್‌ನಲ್ಲಿ ಸೊನ್ನೆಯೆಂದರೆ ಐದು ಉದ್ದ ಗೆರೆಗಳು, ಎಲ್ಲಕ್ಕಿಂತ ಸುಲಭವಾಗಿ ಕೇಳಿಸುವಂಥದ್ದು. ಸಿಡಿಲಿನ ಗರಗರ ಬಂದು ಮುಚ್ಚಿದ್ದರೆ ನನಗೆ ಗೊತ್ತಾಗುತ್ತಿತ್ತು, ಮತ್ತೆ ಕೇಳುತ್ತಿದ್ದೆ. ನನಗೆ ನೆನಪಿದ್ದಂತೆ ಆ ಜಾಗದಲ್ಲಿ ಯಾವ ಗದ್ದಲವೂ ಇರಲಿಲ್ಲ. ನಾಲ್ಕು ಬಂತು, ಸ್ವಲ್ಪ ಬಿಡುವು, ಆಮೇಲೆ ತುರ್ತು ಎಂಬ ಪದ. ಮೋರ್ಸ್ ಬರೆಯುವವನ ಕೈ ಕಿವಿಗಿಂತ ಎರಡು ಮೂರು ಅಕ್ಷರ ಹಿಂದಿರುತ್ತದೆ. ಕೈ ಬರೆಯುತ್ತಿದ್ದಾಗ ಕಿವಿಗೆ ಬಿದ್ದ ಬಿಡುವನ್ನು ನಾನು ಅವರು ಉಸಿರು ತೆಗೆದುಕೊಂಡದ್ದು ಎಂದುಕೊಂಡಿದ್ದೆ.

ಅವರ ಪ್ರತಿಯಲ್ಲಿ ಹೊತ್ತು ನಿಮಿಷಸಹಿತ ಇತ್ತು: ಹತ್ತೂವರೆ. ಹತ್ತೂವರೆಗೆ ನಮ್ಮ ಪಕ್ಕದ ಕಾಂಪೌಂಡಿನಲ್ಲಿ ಏನಾಗುತ್ತದೆ ಎಂಬುದು ತಿರುಗಿ ಬರುವ ದಾರಿಯಲ್ಲಿ ನೆನಪಿಗೆ ಬಂತು.

ಪಕ್ಕದ ಕಾಂಪೌಂಡಿನಲ್ಲಿ ಮಿಲಿಟರಿಯವರ ದೊಡ್ಡ ಟ್ರಾನ್ಸ್‌ಮೀಟರ್ ಇತ್ತು. ದೂರದ ಊರುಗಳಿಗೆ ಸುದ್ದಿ ಕಳಿಸುವಷ್ಟು ಶಕ್ತಿಯದು. ಅವರ ಕಂಬಕ್ಕೂ ನಮ್ಮ ಕಂಬಕ್ಕೂ ಇನ್ನೂರು ಗಜದ ಅಂತರ. ದಿನಾ ಹತ್ತೂವರೆಗೆ ಅವರ ಪಾಳಿ ಶುರು. ಮೊದಲು ಕೀ, ಅಂದರೆ ಮೋರ್ಸ್ ಕುಟ್ಟುವ ಗುಂಡಿ, ಒತ್ತಿ ಆರೇಳು ಸೆಕೆಂಡು ಹಿಡಿದು ಆಂಟೆನಾ ಹೊಂದಿಸಿಕೊಳ್ಳುತ್ತಾರೆ. ಅವರ ತರಂಗಾಂತರ ಬೇರೆ, ನಮ್ಮದು ಬೇರೆ. ಆದ್ದರಿಂದ ಅವರ ಸದ್ದು ನಮಗೆ ಕೇಳಿಸುವುದಿಲ್ಲ. ಕೇಳಿಸದಿದ್ದರೆ ತೊಂದರೆಯೂ ಇಲ್ಲ ಎಂದು ನಾವು ನಂಬಿದ್ದೆವು.

ಮರುದಿನ ಹತ್ತೂಕಾಲಿಗೇ ಹೆಡ್‌ಫೋನ್ ಹಾಕಿ ಕೂತೆ. ಕಮಲಾಪುರಕ್ಕೆ ಸುಮ್ಮನಿರಲು ಹೇಳಿದ್ದೆ. ರಿಸೀವರಿನಲ್ಲಿ ಬರೀ ಆಕಾಶದ ಸದ್ದು. ಒಣ ಜೋಳದ ರಾಶಿಯಲ್ಲಿ ಕೈಯಾಡಿಸಿದಂತೆ ಸರಸರ. ಹತ್ತೂವರೆಗೆ ಪಕ್ಕದವರು ಕೀ ಒತ್ತಿದರು. ಸರಸರ ನಿಂತಿತು. ಕೀ ಬಿಟ್ಟರು. ಸರಸರ ಬಂತು.

ಇಷ್ಟು ದಿನ ನಾನು ಅದನ್ನು ಗಮನಿಸಿರಲಿಲ್ಲ. ಗದ್ದಲ ಹೆಚ್ಚಾದರೆ ತೊಂದರೆ ಎಂದು ಕಲಿತಿದ್ದೆ. ಗದ್ದಲ ನಿಂತರೂ ತೊಂದರೆ ಎಂದು ಯಾರೂ ಕಲಿಸಿರಲಿಲ್ಲ. ದೊಡ್ಡ ಟ್ರಾನ್ಸ್‌ಮೀಟರಿನ ಹೊಡೆತಕ್ಕೆ ನಮ್ಮ ರಿಸೀವರಿನ ಮೊದಲ ವಾಲ್ವ್, ಸಿಗ್ನಲನ್ನು ಹಿಗ್ಗಿಸುವ ಗಾಜಿನ ಬುರುಡೆ, ಉಸಿರುಕಟ್ಟಿ ಕಿವುಡಾಗುತ್ತಿತ್ತು. ಕಿವುಡಾದಾಗ ಅದಕ್ಕೆ ಆಕಾಶವೂ ಕೇಳಿಸುವುದಿಲ್ಲ, ಕಮಲಾಪುರವೂ ಕೇಳಿಸುವುದಿಲ್ಲ. ಹೊರಗೆ ಅದು ಸೌಮ್ಯವಾದ ನಿಶ್ಶಬ್ದವಾಗಿ ಕೇಳುತ್ತದೆ. ಆ ನಿಶ್ಶಬ್ದದಲ್ಲೇ ಒಂದು ಸೊನ್ನೆ, ಅದರ ಹಿಂದೆ ಬಂದ ಇನ್ನೊಂದು ನಲವತ್ತು ಮುಳುಗಿ ಹೋಗಿದ್ದವು.

ಪಕ್ಕದ ಕಾಂಪೌಂಡಿನ ಮುಖ್ಯಸ್ಥರು ಒಬ್ಬ ಸುಬೇದಾರರು, ಮದ್ರಾಸಿನ ಕಡೆಯವರು. ಹೋಗಿ ನನಗೆ ಬರುವ ಹಿಂದೂಸ್ತಾನಿಯಲ್ಲಿ ವಿಷಯ ಹೇಳಿದೆ. ಪಾಳಿಯ ಹೊತ್ತಾಗಲಿ ತರಂಗಾಂತರವಾಗಲಿ ಬದಲಿಸುವುದು ತಮ್ಮ ಕೈಯಲ್ಲಿಲ್ಲ, ಅದು ಮೇಲಿನ ಹುಕುಂ ಎಂದರು. ನಾನು ಎದ್ದು ಹೊರಡುವಾಗ ಮಾತ್ರ, ಸತ್ತವರು ಎಷ್ಟು ಜನ ಎಂದು ಕೇಳಿದರು. ಹೇಳಿದೆ. ಅಳತೆಯ ಉಪಕರಣ ಬೇಕಿದ್ದರೆ ಭಾನುವಾರ ತಮ್ಮ ವರ್ಕ್‌ಶಾಪಿನಿಂದ ತಾವೇ ತರುವುದಾಗಿ ಹೇಳಿದರು.

ಭಾನುವಾರಕ್ಕೆ ಐದು ದಿನವಿತ್ತು. ಅಲ್ಲಿಯವರೆಗೆ ಕೈ ಕಟ್ಟಿ ಕೂರುವಂತಿರಲಿಲ್ಲ. ಕಮಲಾಪುರಕ್ಕೆ ಹೊಸ ನಿಯಮ ಕಳಿಸಿದೆ: ಪ್ರತಿ ಅಂಕಿಯನ್ನೂ ನಾನು ತಿರುಗಿ ಹೇಳುತ್ತೇನೆ, ನೀವು ಹೌದೆನ್ನುವವರೆಗೆ ಮುಂದೆ ಹೋಗುವುದಿಲ್ಲ. ಇದರಿಂದ ತಪ್ಪು ನಿಂತಿತು, ಕೆಲಸವೂ ನಿಂತಂತಾಯಿತು. ದೊಡ್ಡ ಟ್ರಾನ್ಸ್‌ಮೀಟರ್ ನಡೆಯುವಾಗ ಹತ್ತು ಪದದ ಸಂದೇಶಕ್ಕೆ ಅರ್ಧ ತಾಸು ಬೇಕು. ಅಲ್ಲಿ ಯಂತ್ರಕ್ಕೆ ಕರೆಂಟು ಕೊಡುವ ಜನರೇಟರನ್ನು ಕೈಯಿಂದ ತಿರುಗಿಸುತ್ತಿದ್ದವರು ಕ್ಯಾಂಪಿನ ಗಂಡಸರೇ, ಅರ್ಧ ಹೊಟ್ಟೆಯವರು. ಅರ್ಧ ತಾಸು ತಿರುಗಿಸಿ ಅವರು ಸೋತು ಕೂರುತ್ತಿದ್ದರು. ಡಾಕ್ಟರ್ ಬಾಯಿ ಬೆಳಗಿನ ರೋಗಿಗಳನ್ನು ನೋಡಿ ಲೆಕ್ಕ ಕೊಡುವುದೇ ಹತ್ತು ದಾಟಿದ ಮೇಲೆ. ದೊಡ್ಡ ಟ್ರಾನ್ಸ್‌ಮೀಟರ್ ನಿಲ್ಲುವುದು ಮಧ್ಯಾಹ್ನ ಎರಡಕ್ಕೆ. ಆಗ ಕಳಿಸಿದರೆ ಲಾರಿ ಹೊರಡುವುದು ಮರುದಿನ. ಡಾಕ್ಟರ್ ಬಾಯಿಯ ಲೆಕ್ಕದಲ್ಲಿ ಒಂದು ದಿನ ಬಹಳ ದೊಡ್ಡದು.

ಸಾಹೇಬರು ಕಂಬ ಎತ್ತರಿಸಲು ಹೇಳಿದರು. ಆಂಟೆನಾದ ತಂತಿ ಉದ್ದವಾದಷ್ಟೂ, ಎತ್ತರವಾದಷ್ಟೂ ಕಮಲಾಪುರ ಜೋರಾಗಿ ಕೇಳುತ್ತದೆ ಎಂಬುದು ಅವರ ಅನುಭವ. ಎರಡು ಬಿದಿರು ಕಟ್ಟಿ ಎತ್ತರಿಸಿದೆವು. ಕಮಲಾಪುರ ಜೋರಾಯಿತು. ಆದರೆ ಹತ್ತೂವರೆಗೆ ರಿಸೀವರ್ ಮೊದಲಿಗಿಂತ ಹೆಚ್ಚು ಕಿವುಡಾಯಿತು. ಎತ್ತರದ ತಂತಿ ಪಕ್ಕದವರ ಹೊಡೆತವನ್ನೂ ಅಷ್ಟೇ ಧಾರಾಳವಾಗಿ ಹಿಡಿದುಕೊಡುತ್ತಿತ್ತು. ಬಿದಿರು ಇಳಿಸಿದೆವು.

ಆಮೇಲೆ ನಾನು ಒಂದು ಟ್ರ್ಯಾಪ್ ಮಾಡಿದೆ. ತಂತಿಯ ಸುರುಳಿ ಮತ್ತು ವಿದ್ಯುತ್ ಹಿಡಿದಿಡುವ ಕಂಡೆನ್ಸರ್ ಸೇರಿಸಿ ಕಟ್ಟಿದ ಒಂದು ತಡೆ. ಅದನ್ನು ಯಾವ ತರಂಗಾಂತರಕ್ಕೆ ಹೊಂದಿಸುತ್ತೇವೆಯೋ ಆ ಒಂದನ್ನು ಮಾತ್ರ ಒಳಗೆ ಬಿಡದಂತೆ ತಡೆಯುತ್ತದೆ. ಪಕ್ಕದವರ ತರಂಗಾಂತರಕ್ಕೆ ಹೊಂದಿಸಿ ಆಂಟೆನಾ ದಾರಿಯಲ್ಲಿ ಹಾಕಿದೆ. ಹತ್ತೂವರೆಗೆ ಸರಸರ ಪೂರ್ತಿ ನಿಲ್ಲಲಿಲ್ಲ, ಕುಗ್ಗಿತು. ಕಮಲಾಪುರ ಗೋಡೆಯಾಚೆಯಿಂದ ಕೇಳಿದಂತೆ ಕೇಳಿಸಿತು. ಸಾಹೇಬರು ಇನ್ನೊಂದು ಹೆಡ್‌ಫೋನ್ ಕಿವಿಗಿಟ್ಟು ತಲೆಯಾಡಿಸಿದರು. ಹನ್ನೊಂದೂವರೆಗೆ ಮತ್ತೆ ಕಿವುಡು. ಕೋಣೆ ಕಾದಿತ್ತು, ಮೇಣದ ಕಂಡೆನ್ಸರ್ ಕಾದಿತ್ತು, ಟ್ರ್ಯಾಪ್ ತನ್ನ ಜಾಗ ಬಿಟ್ಟು ಸರಿದಿತ್ತು. ಬಿಸಿಗೆ ಅಷ್ಟಾಗಿ ಬದಲಾಗದ ಅಭ್ರಕದ ಕಂಡೆನ್ಸರ್ ಹುಡುಕಿ ಹಾಕಿ, ಎಲ್ಲವನ್ನೂ ತಗಡಿನ ಡಬ್ಬಿಯೊಳಗೆ ಮುಚ್ಚಿ, ದಪ್ಪ ಕಲ್ಲುಗೋಡೆಯ ಗೂಡಿನಲ್ಲಿ ಇಟ್ಟೆ. ಸರಿಯುವುದು ನಿಂತಿತು. ಆದರೆ ದನಿ ಗೋಡೆಯಾಚೆಯೇ ಉಳಿಯಿತು. ಅಕ್ಷರ ಗೊತ್ತಾಗುತ್ತಿತ್ತು, ಅಂಕಿ ಆಣೆ ಮಾಡಿ ಹೇಳುವಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಆ ವಾರ ಕ್ಯಾಂಪಿನಲ್ಲಿ ಇನ್ನೂ ಇಬ್ಬರು ತೀರಿಕೊಂಡರು. ಅವರ ಸಾವಿಗೂ ನಮ್ಮ ತಡಕ್ಕೂ ಸಂಬಂಧವಿಲ್ಲವೆಂದು ಡಾಕ್ಟರ್ ಬಾಯಿ ಸಂದೇಶದಲ್ಲೇ ಸೇರಿಸಿದ್ದರು. ಅವರು ಹಾಗೆ ಸೇರಿಸಬೇಕಾಗಿರಲಿಲ್ಲ.

ಭಾನುವಾರ ಸುಬೇದಾರರು ಸಿಗ್ನಲ್ ಜನರೇಟರ್ ಮತ್ತು ವಾಲ್ವ್ ವೋಲ್ಟ್‌ಮೀಟರ್ ಹೊರಿಸಿಕೊಂಡು ಬಂದರು. ಸಿಗ್ನಲ್ ಜನರೇಟರ್ ಎಂದರೆ ಬೇಕಾದಷ್ಟು ಸಣ್ಣ ಸಿಗ್ನಲನ್ನು ಅಳೆದು ಕೊಡುವ ಪೆಟ್ಟಿಗೆ. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಅಂದಾಜಿನ ಮೇಲೆ. ಆ ದಿನ ಮೊದಲ ಬಾರಿಗೆ ಅಳೆದೆ.

ಮೊದಲು ಆಂಟೆನಾ ಕಳಚಿ, ರಿಸೀವರಿಗೆ ಕೇಳಿಸುವ ಅತಿ ಸಣ್ಣ ಸಿಗ್ನಲ್ ಎಷ್ಟು ಎಂದು ನೋಡಿದೆ. ಪ್ರತಿ ರಿಸೀವರಿಗೂ ಅದರ ವಾಲ್ವುಗಳದೇ ಒಂದು ಒಳಸದ್ದು ಇರುತ್ತದೆ. ಅದಕ್ಕಿಂತ ಸಣ್ಣದು ಅದರಲ್ಲಿ ಮುಳುಗುತ್ತದೆ. ಒಂದು ಮೈಕ್ರೋವೋಲ್ಟ್ ಬಂತು, ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇದು ನೆಲ. ಆಮೇಲೆ ಸಿಗ್ನಲ್ ಹುಟ್ಟಿಸುವ ನಮ್ಮ ಹಳೆಯ ಆಸಿಲೇಟರಿನಿಂದ ಪಕ್ಕದ ತರಂಗಾಂತರದಲ್ಲಿ ದೊಡ್ಡ ಸಿಗ್ನಲ್ ಕೊಡುತ್ತಾ ಹೋದೆ. ವೋಲ್ಟಿನ ಹತ್ತನೆಯ ಒಂದು ಪಾಲಿಗೆ ಬಂದಾಗ ರಿಸೀವರ್ ಕಿವುಡಾಗತೊಡಗಿತು. ಇದು ಸೂರು. ನೆಲಕ್ಕೂ ಸೂರಿಗೂ ಒಂದಕ್ಕೆ ಲಕ್ಷದ ಅಂತರ.

ಇನ್ನು ಹೊರಗಿನದು. ಆಂಟೆನಾ ಹಚ್ಚಿ ಆಕಾಶದ ಸರಸರವನ್ನು ಸಿಗ್ನಲ್ ಜನರೇಟರಿಗೆ ಹೋಲಿಸಿದೆ: ಹತ್ತು ಮೈಕ್ರೋವೋಲ್ಟ್. ಕಮಲಾಪುರ: ನಲವತ್ತು ಮೈಕ್ರೋವೋಲ್ಟ್. ಸುಬೇದಾರರು ತಮ್ಮವರಿಗೆ ಹೇಳಿ ಎರಡು ನಿಮಿಷ ಕೀ ಒತ್ತಿಸಿದರು. ವೋಲ್ಟ್‌ಮೀಟರಿನ ಮುಳ್ಳು ಮೂರು ವೋಲ್ಟಿಗೆ ಹೋಗಿ ನಿಂತಿತು. ಮುಳ್ಳು ಸಿಕ್ಕಿಕೊಂಡಿದೆಯೇನೋ ಎಂದು ಅವರೇ ಗಾಜಿನ ಮೇಲೆ ಬೆರಳಿನಿಂದ ತಟ್ಟಿ ನೋಡಿದರು.

ಸಂಜೆ ಅಂಗಳದಲ್ಲಿ ಮಂಚ ಹಾಕಿಕೊಂಡು ಗಣಿತದ ಲಾಗ್ ಟೇಬಲ್, ಅಂದರೆ ಲಾಗರಿದಮ್ ಕೋಷ್ಟಕ, ತೆಗೆದು ಕೂತೆ. ನಾನು ವಿಜ್ಞಾನ ಓದಿದ್ದು ಉರ್ದುವಿನಲ್ಲಿ. ಲೆಕ್ಕ ಮಾಡುವಾಗ ಬಾಯಿಗೆ ಈಗಲೂ ಉರ್ದು ಅಂಕಿಗಳೇ ಬರುತ್ತವೆ. ವೋಲ್ಟುಗಳನ್ನು ಹಾಗೆಯೇ ಇಟ್ಟುಕೊಂಡರೆ ಲಕ್ಷಗಳಲ್ಲಿ ಗುಣಿಸಿ ಭಾಗಿಸಬೇಕು. ಅದರ ಬದಲು ಎರಡು ವೋಲ್ಟುಗಳ ಅನುಪಾತ ತೆಗೆದುಕೊಂಡು, ಅದರ ಲಾಗ್ ನೋಡಿ, ಇಪ್ಪತ್ತರಿಂದ ಗುಣಿಸಿದರೆ ಡೆಸಿಬೆಲ್ ಬರುತ್ತದೆ. ಆಮೇಲೆ ಬರೀ ಕೂಡುವುದು, ಕಳೆಯುವುದು. ರಿಸೀವರಿನ ನೆಲದಿಂದ ಸೂರಿಗೆ ಒಂದು ಲಕ್ಷ ಪಟ್ಟು, ಲಾಗ್ ಐದು, ನೂರು ಡೆಸಿಬೆಲ್. ಹೊರಗೆ, ಆಕಾಶದ ಸರಸರದಿಂದ ದೊಡ್ಡ ಟ್ರಾನ್ಸ್‌ಮೀಟರಿನವರೆಗೆ ಮೂರು ಲಕ್ಷ ಪಟ್ಟು. ಲಾಗ್ ಐದು ಪಾಯಿಂಟ್ ನಾಲ್ಕು ಏಳು ಏಳು. ನೂರಾ ಒಂಬತ್ತೂವರೆ ಡೆಸಿಬೆಲ್. ನೂರರ ಕೋಣೆಯಲ್ಲಿ ನೂರಾ ಒಂಬತ್ತೂವರೆಯ ಏಣಿ ನಿಲ್ಲುವುದಿಲ್ಲ. ಬಿದಿರು ಎತ್ತರಿಸಿದರೇನು, ವಾಲ್ವ್ ಬದಲಿಸಿದರೇನು, ನಿಲ್ಲುವುದಿಲ್ಲ. ಈ ಅಂತರಕ್ಕೆ ಡೈನಾಮಿಕ್ ರೇಂಜ್ ಎಂಬ ಹೆಸರಿದೆ ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ಟ್ರ್ಯಾಪ್ ಹಾಕಿದ ಮೇಲಿನ ಲೆಕ್ಕವನ್ನೂ ಮಾಡಿದೆ. ಟ್ರ್ಯಾಪು ಮೂರು ವೋಲ್ಟನ್ನು ಅದರ ಹತ್ತನೆಯ ಒಂದು ಪಾಲಿಗೆ, ಅಂದರೆ ಮೂರು ಹತ್ತಂಶ ವೋಲ್ಟಿಗೆ, ಇಳಿಸುತ್ತಿತ್ತು. ಈಗ ಹೊರಗಿನ ಏಣಿ ಎಂಬತ್ತೊಂಬತ್ತೂವರೆ ಡೆಸಿಬೆಲ್. ಕೋಣೆ ನೂರು. ಏಣಿ ಹಿಡಿಸಬೇಕು. ಆದರೂ ತಲೆ ಸೂರಿಗೆ ಬಡಿಯುತ್ತಿದೆ, ಯಾಕೆ? ಅದೇ ಪುಟವನ್ನು ಮೂರು ಸಲ ಮಾಡಿದೆ. ತಪ್ಪು ಸಿಗಲಿಲ್ಲ. ನಾಲ್ಕನೆಯ ಸಲ ಅಂಕಿಗಳನ್ನು ಬಿಟ್ಟು, ಕಾಗದದ ಮೇಲೆ ಎರಡು ಉದ್ದ ಗೆರೆ ಎಳೆದೆ: ಒಂದು ರಿಸೀವರಿನದು, ಪಕ್ಕದಲ್ಲಿ ಹೊರಗಿನದು. ಎಳೆದ ಮೇಲೆ ಕಣ್ಣಿಗೇ ಕಂಡಿತು. ಹೊರಗಿನ ಗೆರೆ ರಿಸೀವರಿನ ಗೆರೆಗಿಂತ ಗಿಡ್ಡವಾಗಿತ್ತು, ಆದರೆ ನೆಲದ ಮೇಲೆ ಊರಿರಲಿಲ್ಲ. ಆಕಾಶದ ಸರಸರ ನೆಲಕ್ಕಿಂತ ಇಪ್ಪತ್ತು ಡೆಸಿಬೆಲ್ ಮೇಲೆಯೇ ಇತ್ತು. ಕೆಳಗಿನ ಇಪ್ಪತ್ತು ಡೆಸಿಬೆಲ್ ಖಾಲಿ ಬಿದ್ದಿತ್ತು. ಮೇಲೆ ಜಾಗ ಸಾಲದಾಗಿತ್ತು. ಏಣಿಯನ್ನು ಕಟ್ಟೆಯಿಂದ ಕೆಳಗಿಳಿಸಿ ನಿಲ್ಲಿಸಬೇಕು, ಅಷ್ಟೆ.

ಅಂದರೆ ಆಂಟೆನಾದಿಂದ ಬರುವ ಎಲ್ಲವನ್ನೂ, ದೊಡ್ಡದನ್ನೂ ಸಣ್ಣದನ್ನೂ, ಒಂದೇ ಪ್ರಮಾಣದಲ್ಲಿ ತಗ್ಗಿಸಬೇಕು.

ಮರುದಿನ ಸಾಹೇಬರಿಗೆ ಇದನ್ನು ಹೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು.

"ಸಣ್ಣ ದನಿ ಕೇಳಸ್ತಿಲ್ಲ ಅಂತ ನೀ ಅದನ್ನ ಇನ್ನಾ ಸಣ್ಣ ಮಾಡ್ತೀ ಏನು?"

"ಆಕಾಶದ ಗದ್ದಲಾನೂ ಅಷ್ಟೇ ಸಣ್ಣ ಆಗ್ತದ್ರೀ ಸಾಹೇಬ್ರ. ಕಮಲಾಪುರ ಆ ಗದ್ದಲದ ನಾಕು ಪಟ್ಟು ಅದ. ತಗ್ಗಿಸಿದ್ರೂ ಹೆಚ್ಚುಕಡಿಮಿ ಅಷ್ಟೇ ಇರ್ತದ. ಪಕ್ಕದವ್ರ ಹೊಡ್ತ ಮಾತ್ರ ಸೂರಿನ ಕೆಳಗ ಇಳೀತದ."

ಅವರು ಕಾಗದ ತೆಗೆದುಕೊಂಡು ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಮೋರ್ಸ್ ಕೇಳಿದವರಿಗೆ, ಜೋರಾಗಿ ಬಂದಷ್ಟೂ ಒಳ್ಳೆಯದು ಎಂಬುದನ್ನು ಬಿಡುವುದು ಕಷ್ಟ. ಕೊನೆಗೆ, ಮಾಡಿ ನೋಡು ಎಂದರು.

ಅದೇ ಹೊತ್ತಿಗೆ ಜಿಲ್ಲಾ ಕಚೇರಿಗೆ ಕೊಡಬೇಕಾದ ಜವಾಬನ್ನೂ ಮುಂದಿಟ್ಟೆ. ಕಮಲಾಪುರದಿಂದ ಅಂಕಿ ಸರಿಯಾಗಿಯೇ ಬಂದಿತ್ತು. ಯಂತ್ರ ಕಿವುಡಾಗಿದ್ದು ನಿಜ, ಆದರೆ ಬಿಟ್ಟುಹೋದದ್ದನ್ನು ತಿರುಗಿ ಕೇಳದೆ ಸಿಕ್ಕಿದೆ ಎಂದು ಉತ್ತರಿಸಿದ್ದು ನಾನು. ಆಪರೇಟರರ ಮೇಲೆ ಯಾವ ತಪ್ಪೂ ಇಲ್ಲ. ಇಷ್ಟು ಬರೆದಿದ್ದೆ. ಸಾಹೇಬರು ಮೇಲೆ ಸಹಿ ಮಾಡಿದರೆ ಮಾತ್ರ ಅದು ಹೋಗುವಂತಿತ್ತು.

"ಇದನ್ನ ಕಳಿಸಿದ್ರ ನನ್ನೂ ಕರೀತಾರ," ಎಂದರು.

"ಹೌದ್ರೀ."

"ಅವ್ನ ಮ್ಯಾಲ ಹಾಕು ಅಂತ ಮೊದ್ಲ ನಾನೇ ಹೇಳಿದ್ದೆ," ಎಂದು ಕಾಗದದ ಮೇಲೆ ಮತ್ತೆ ಕಣ್ಣಾಡಿಸಿ, "ಅದು ಈ ಕಾಗದದಾಗ ಇಲ್ಲಲ್ಲ," ಎಂದರು. ಇಲ್ಲ ಎಂದೆ. ಪೆನ್ನು ತೆಗೆದು ಸಹಿ ಹಾಕಿ, ಮಸಿ ಒಣಗುವವರೆಗೆ ಕಾಗದವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ತಗ್ಗಿಸುವ ಪ್ಯಾಡ್ ಎಂದರೆ ಮೂರು ರೆಸಿಸ್ಟರುಗಳ ಜೋಡಣೆ. ಐದರಲ್ಲಿ ಒಂದು ಪಾಲು ಮಾತ್ರ ಮುಂದೆ ಹೋಗುವಂತೆ ಲೆಕ್ಕ ಹಾಕಿದೆ, ಹದಿನಾಲ್ಕು ಡೆಸಿಬೆಲ್. ಹಾಗೆ ಮಾಡಿದರೆ ಟ್ರ್ಯಾಪಿನಿಂದ ಬರುವ ಮೂರು ಹತ್ತಂಶ ವೋಲ್ಟು ಆರು ನೂರಂಶಕ್ಕೆ ಇಳಿಯುತ್ತದೆ, ಸೂರಿನ ಕೆಳಗೆ. ಆಕಾಶದ ಸರಸರ ಎರಡು ಮೈಕ್ರೋವೋಲ್ಟಾಗುತ್ತದೆ, ಇನ್ನೂ ನೆಲಕ್ಕಿಂತ ಮೇಲೆ. ಕಮಲಾಪುರ ಎಂಟು. ಇನ್ನೂ ಹೆಚ್ಚು ತಗ್ಗಿಸಿದರೆ ರಿಸೀವರಿನ ಒಳಸದ್ದೇ ಮೇಲಾಗಿ ಕಮಲಾಪುರ ಮುಳುಗುತ್ತದೆ. ಎಷ್ಟು ಕಡಿಮೆ ಮಾಡಬೇಕೋ ಅಷ್ಟೇ ಕಡಿಮೆ ಮಾಡಬೇಕಿತ್ತು. ಬೇಕಾದ ಬೆಲೆಯ ರೆಸಿಸ್ಟರುಗಳು ನಮ್ಮಲ್ಲಿರಲಿಲ್ಲ. ಕೆಟ್ಟ ರೇಡಿಯೋಗಳಿಂದ ಬಿಚ್ಚಿ, ಒಂದಕ್ಕೊಂದು ಸೇರಿಸಿ ಅಳೆದು ಹೊಂದಿಸಿದೆ. ಮೊದಲ ಪ್ಯಾಡಿನಲ್ಲಿ ಒಂದು ರೆಸಿಸ್ಟರ್ ಒಳಗೇ ಬಿರುಕು ಬಿಟ್ಟದ್ದು. ಮುಟ್ಟಿದರೆ ಸರಿ, ಬಿಟ್ಟರೆ ಬಂದ್. ಅದನ್ನು ಹುಡುಕಲು ಒಂದು ಹಗಲು ಹೋಯಿತು.

ಬುಧವಾರ ಹತ್ತೂವರೆಗೆ ಪರೀಕ್ಷೆ. ಸುಬೇದಾರರು ತಮ್ಮ ಪಾಳಿಯ ಮೊದಲ ಐದು ನಿಮಿಷ ಕೀ ಎಡೆಬಿಡದೆ ಒತ್ತಿಸಿದರು. ಕಮಲಾಪುರದಿಂದ ಐವತ್ತು ಗುಂಪು ಅಂಕಿಗಳನ್ನು ಕಳಿಸಲು ಹೇಳಿದ್ದೆ. ಅರ್ಥವಿಲ್ಲದ ಅಂಕಿಗಳು, ಊಹಿಸಿ ತುಂಬಲು ಬಾರದಂಥವು. ಕೀ ಒತ್ತಿದ ಕ್ಷಣ ಸರಸರ ಒಂದಿಷ್ಟು ನಡುಗಿತು. ನಿಲ್ಲಲಿಲ್ಲ. ಅದರ ಮೇಲೆ ಕಮಲಾಪುರದ ಆ ಸಮನಾದ ಕೈ ನಡೆಯತೊಡಗಿತು. ಮೊದಲಿಗಿಂತ ಮೆಲ್ಲಗೆ ಕೇಳುತ್ತಿತ್ತು. ದನಿಯ ಗುಂಡಿ ತಿರುಗಿಸಿದೆ, ಸರಿಹೋಯಿತು. ಸಾಹೇಬರು ಪಕ್ಕದಲ್ಲಿ ಕೂತು ಬೇರೆ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಐವತ್ತನ್ನೂ ತಿರುಗಿ ಕಳಿಸಿದೆ. ನಲವತ್ತೊಂಬತ್ತು ಸರಿ. ತಪ್ಪಾದ ಒಂದು ನನ್ನದು. ಸಾಹೇಬರ ಕಾಗದದಲ್ಲಿ ಅದೂ ಸರಿಯಾಗಿತ್ತು. ಅಂದಿನಿಂದ ಅಂಕಿಯಿದ್ದ ಸಂದೇಶಗಳನ್ನು ಇಬ್ಬರೂ ಬರೆದುಕೊಳ್ಳುವುದೆಂದು ಅವರೇ ನಿಯಮ ಮಾಡಿದರು.

ಮರುದಿನವೇ ಡಾಕ್ಟರ್ ಬಾಯಿಯ ಸಂದೇಶ ಬಂತು, ಹತ್ತೂ ಮುಕ್ಕಾಲಿಗೆ, ದೊಡ್ಡ ಟ್ರಾನ್ಸ್‌ಮೀಟರ್ ಪೂರ್ತಿ ಜೋರಿನಲ್ಲಿ ನಡೆಯುತ್ತಿದ್ದಾಗ. ಸಲೈನ್ ಇಪ್ಪತ್ತಾರು ಪೆಟ್ಟಿಗೆ, ಬ್ಲೀಚಿಂಗ್ ಪುಡಿ ಎಂಟು ಡಬ್ಬಿ, ಲಸಿಕೆ ಹಾಕುವ ಇನ್ನೊಬ್ಬ ಕಂಪೌಂಡರ್. ನಾಲ್ಕು ನಿಮಿಷದಲ್ಲಿ ಮುಗಿಯಿತು. ಹನ್ನೆರಡಕ್ಕೆ ಮೊದಲು ಲಾರಿ ಊರು ದಾಟಿತ್ತು. ಹದಿನೈದು ದಿನದಲ್ಲಿ ವಾಂತಿಭೇದಿ ತಗ್ಗಿತು. ಅದಕ್ಕೆ ಕಾರಣ ಡಾಕ್ಟರ್ ಬಾಯಿ ಮತ್ತು ಅವರು ತೋಡಿಸಿದ ಹೊಸ ಬಾವಿ. ನಾವು ಅವರಿಗೆ ಅಡ್ಡಿಯಾಗುವುದನ್ನು ನಿಲ್ಲಿಸಿದೆವು, ಅಷ್ಟೆ.

ಜಿಲ್ಲಾ ಕಚೇರಿಯಲ್ಲಿ ನಮ್ಮಿಬ್ಬರನ್ನೂ ಕರೆದು ವಿಚಾರಿಸಿದರು. ನನ್ನ ಸರ್ವಿಸ್ ಪುಸ್ತಕದಲ್ಲಿ ಎಚ್ಚರಿಕೆ ಬರೆದರು. ಅದು ನಾನು ನಿವೃತ್ತನಾಗುವವರೆಗೂ ಅಲ್ಲೇ ಇತ್ತು, ಇರಬೇಕಾದ್ದೇ. ಸಾಹೇಬರನ್ನು ಎರಡು ಪ್ರಶ್ನೆ ಕೇಳಿ ಬಿಟ್ಟರು. ಹೊರಗೆ ಬಂದಮೇಲೆ ಅವರು ಚಹಾ ಕುಡಿಸಿದರು.

ಮಳೆ ಶುರುವಾಗುವ ಮೊದಲು ಕ್ಯಾಂಪು ಮುಚ್ಚುವ ಹುಕುಂ ಬಂತು. ಕ್ಯಾಂಪಿನಲ್ಲಿ ಬದುಕಿ ಉಳಿದವರ ಹೆಸರು, ವಯಸ್ಸು, ತಂದೆಯ ಅಥವಾ ಗಂಡನ ಹೆಸರು, ಸೇರಿದ ಊರು, ಎಲ್ಲವನ್ನೂ ಕಳಿಸುತ್ತೇವೆ, ಕಲಬುರಗಿಯಲ್ಲಿ ಅವರನ್ನು ಹುಡುಕುತ್ತಿರುವ ಸಂಬಂಧಿಕರಿಗೆ ತಿಳಿಸಿ ಎಂದು ಸಂದೇಶ ಬಂತು. ಹೆಸರು ಬರೆದುಕೊಳ್ಳುವುದು ಅಂಕಿಗಿಂತ ಕಷ್ಟ. ಒಂದು ಅಕ್ಷರ ತಪ್ಪಿದರೆ ಇನ್ನೊಬ್ಬ ಮನುಷ್ಯನಾಗುತ್ತಾನೆ. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಮೂರು ತಾಸು ನಡೆಯಿತು. ನಡುವೆ ಹತ್ತೂವರೆಯಾಯಿತು, ಪಕ್ಕದವರು ಕೀ ಒತ್ತಿದರು, ನಮ್ಮಿಬ್ಬರ ಪೆನ್ಸಿಲುಗಳೂ ನಿಲ್ಲಲಿಲ್ಲ. ಆ ಕಡೆ ಜನರೇಟರ್ ತಿರುಗಿಸುವವರು ಪಾಳಿ ಬದಲಿಸುವಾಗ ಮಾತ್ರ ಒಂದೊಂದು ಗುಕ್ಕು ನೀರು ಕುಡಿದೆವು. ಕೊನೆಗೆ ಎರಡು ಪ್ರತಿಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದೆವು. ಆರು ಹೆಸರುಗಳಲ್ಲಿ ನಮ್ಮಿಬ್ಬರ ನಡುವೆ ವ್ಯತ್ಯಾಸವಿತ್ತು. ಆರನ್ನೂ ಮತ್ತೆ ಕೇಳಿದೆವು. ಎರಡರಲ್ಲಿ ನಮ್ಮಿಬ್ಬರದೂ ತಪ್ಪಾಗಿತ್ತು.

ಪಟ್ಟಿಯನ್ನು ಉರ್ದುವಿನಲ್ಲೂ ಕನ್ನಡದಲ್ಲೂ ಬರೆದು ಕಚೇರಿಯ ಹೊರಗೋಡೆಗೆ ಹಚ್ಚಿದೆವು. ಬಂದವರಲ್ಲಿ ಓದಲು ಬಾರದವರೇ ಹೆಚ್ಚು. ಸಾಹೇಬರು ಮೆಟ್ಟಿಲ ಮೇಲೆ ನಿಂತು ಓದತೊಡಗಿದರು. ಹಿಂದೂ ಹೆಸರು, ಮುಸಲ್ಮಾನರ ಹೆಸರು, ಅಲ್ಲಿಂದ ಬಂದ ಕ್ರಮದಲ್ಲೇ. ಪ್ರತಿ ಹೆಸರಿಗೂ ಒಂದು ಕ್ಷಣ ನಿಂತು ಜನರ ಕಡೆ ನೋಡಿ ಮುಂದೆ ಹೋಗುತ್ತಿದ್ದರು. ನಡುವೆ ಒಬ್ಬ ಹೆಂಗಸು ಕೈ ಎತ್ತಿದಳು. ಮಾಸಿದ ಸೀರೆ, ಬರಿಗಾಲು. ಯಾವ ಊರಿನಿಂದ ನಡೆದು ಬಂದಿದ್ದಳೋ. ಸಾಹೇಬರು ಓದಿದ್ದು ಒಬ್ಬ ಹನ್ನೊಂದು ವರ್ಷದ ಹುಡುಗಿಯ ಹೆಸರು. ನಾವು ಮತ್ತೆ ಕೇಳಿ ತಿದ್ದಿಕೊಂಡ ಆರರಲ್ಲಿ ಅದು ಸೇರಿರಲಿಲ್ಲ. ಮೊದಲ ಸಲವೇ ಸರಿಯಾಗಿ ಬಂದದ್ದು.

"ಇನ್ನೊಮ್ಮಿ ಓದ್ರೀ," ಎಂದಳು.

ಓದಿದರು. ತಂದೆಯ ಹೆಸರು, ಊರಿನ ಹೆಸರು ಸಹಿತ ಓದಿದರು. ಅವಳು ಮತ್ತೆ ಅದನ್ನೇ ಕೇಳಿದಳು. ಮೂರನೆಯ ಸಲ ಸಾಹೇಬರು ಕಾಗದ ನೋಡದೆ, ಅವಳನ್ನೇ ನೋಡುತ್ತಾ, ಒಂದೊಂದೇ ಪದ ಬಿಡಿಸಿ ಹೇಳಿದರು. ಅವಳು ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪಕ್ಕದಲ್ಲಿ ನಿಂತವರು ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಮುಂದಿನ ಹೆಸರು ಓದಿದರು.